ಏರು ದಾರಿಯ ವಿಮಾನ

ಯಲಬುರ್ಗಾ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ನಾನು ಆಯುಷ್ಯದ ಬಹುಪಾಲು ಕಳೆದೆ. ಜನ ನನ್ನನ್ನು ಕಂಟ್ರೋಲರ್ ಸಾಹೇಬ್ರು ಎನ್ನುತ್ತಿದ್ದರು. ಏನನ್ನು ಕಂಟ್ರೋಲ್ ಮಾಡುತ್ತಿದ್ದೆ ಎಂದು ಮಾತ್ರ ಕೇಳಬೇಡಿ. ಬಸ್ಸು ತನ್ನ ಮನಸ್ಸಿಗೆ ಬಂದಾಗ ಬರುತ್ತಿತ್ತು, ಡ್ರೈವರನ ಚಹಾ ಮುಗಿದಾಗ ಹೋಗುತ್ತಿತ್ತು. ಹೊರಟ ಬಸ್ಸಿನ ಹಿಂದೆ ನಾನು ಸೀಟಿ ಊದುತ್ತಿದ್ದೆ. ಅದು ಹೇಗೂ ಹೊರಟುಬಿಟ್ಟಿರುತ್ತಿತ್ತಾದ್ದರಿಂದ ನನ್ನ ಸೀಟಿಯಿಂದ ಯಾರಿಗೂ ತೊಂದರೆ ಇರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರೊಬ್ಬರು ನನಗೆ ಈ ಕುರ್ಚಿಯ ಏಕೈಕ ವಿದ್ಯೆ ಕಲಿಸಿದರು. "ತಮ್ಮಾ, ಏನರ ಅನ್ನು, ಗೊತ್ತಿಲ್ಲ ಅಂತ ಮಾತ್ರ ಅನಬ್ಯಾಡ. ಗೊತ್ತಿಲ್ಲ ಅನ್ನಾಕ ಸರಕಾರ ಕುರ್ಚಿ ಯಾಕ ಕೊಡಬೇಕು?" ಅಂದಿನಿಂದ ಕೊಪ್ಪಳದ ಗಾಡಿ ಎಲ್ಲಿ ಬಂತೆಂದು ಯಾರೇ ಕೇಳಲಿ, "ಕುಕನೂರ ಬಿಟ್ಟೈತಿ" ಎನ್ನುತ್ತಿದ್ದೆ. ಅದು ಕೊಪ್ಪಳವನ್ನೇ ಬಿಟ್ಟಿರದಿದ್ದರೂ ನನ್ನ ಬಾಯಲ್ಲಿ ಕುಕನೂರು ಬಿಟ್ಟಿರುತ್ತಿತ್ತು. ಜನ ಗಂಟುಮೂಟೆ ಎತ್ತಿಕೊಂಡು ನಿಲ್ಲುತ್ತಿದ್ದರು, ಸ್ವಲ್ಪ ಹೊತ್ತು ನಿಂತು ಮತ್ತೆ ಇಳಿಸಿ ಕೂರುತ್ತಿದ್ದರು. ನನ್ನ ದೆಸೆಯಿಂದ ಯಲಬುರ್ಗಾ ತಾಲ್ಲೂಕಿನ ಜನಕ್ಕೆ ಬಹಳ ವ್ಯಾಯಾಮವಾಗಿದೆ.

ಒಮ್ಮೆ ಒಬ್ಬ ಮುದುಕಿ ಕಿಟಕಿಗೆ ಬಾಯಿ ಹಚ್ಚಿ ಕೇಳಿದಳು: "ಯಪ್ಪಾ, ಕುಕನೂರ ಬಿಟ್ಟ ಗಾಡಿ ಸೀದಾ ಕಾಶಿಗೆ ಹೊಂಟೈತೇನೋ? ಹೊತ್ತ ಏರಿದಾಗಿಂದ ಬಿಡಾಕ ಹತ್ತೈತಲ್ಲ!"

ಅಂದರೆ ಬಸ್ಸಿನ ವಿಷಯದಲ್ಲಿ ನನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಆದರೆ ವಿಮಾನದ ವಿಷಯದಲ್ಲಿ ನಂಬಿದರು. ನಮ್ಮ ಕಡೆ ಆಗ ವಿಮಾನವನ್ನು ಹೊಟ್ಟೆಯ ಕೆಳಗಿನಿಂದ ಬಿಟ್ಟರೆ ಬೇರೆ ಕಡೆಯಿಂದ ನೋಡಿದವರು ಕಡಿಮೆ. ನಾನೂ ನೋಡಿರಲಿಲ್ಲ. ಆ ನಂಬಿಕೆಯನ್ನು ನಾನು ಏನು ಮಾಡಿದೆ ಎಂಬುದನ್ನೇ ಇಲ್ಲಿ ಬರೆಯುತ್ತಿರುವುದು.

ನಮ್ಮದು ಮೂವರ ಮನೆ. ಎಲ್ಲರಿಗಿಂತ ದೊಡ್ಡವಳು ಅಕ್ಕ, ನಡುವೆ ನಾನು, ಕೊನೆಗೆ ತಮ್ಮ. ಅಕ್ಕನ ಗಂಡ ಬೇಗ ತೀರಿಕೊಂಡ. ಒಬ್ಬಳೇ ಮಗಳು. ಅಕ್ಕನ ಹೊಲವನ್ನು ತಮ್ಮ ಹರಗಿ ಬಿತ್ತಿದ. ಮಗುವನ್ನು ಸೈಕಲ್ಲಿನ ಮುಂದಿನ ಡಂಡಿಯ ಮೇಲೆ ಕೂರಿಸಿಕೊಂಡು ಸಾಲಿಗೆ ಬಿಟ್ಟು ಬಂದ. ಅವಳಿಗೆ ಜ್ವರ ಬಂದರೆ ಹೆಗಲ ಮೇಲೆ ಹೊತ್ತು ದವಾಖಾನೆಗೆ ಓಡಿದ. ನಾನೂ ಮಾಡಿದ್ದೇನೆ. ತಾಯಿ ಮಗಳು ಬಸ್ಸಿಗೆ ಬಂದಾಗ ಕಂಡಕ್ಟರನಿಗೆ ಹೇಳಿ ಕಿಟಕಿ ಪಕ್ಕದ ಸೀಟು ಕೊಡಿಸಿದ್ದೇನೆ. ಎರಡೂ ಸೇವೆಯೇ ಎಂದು ಆಗ ನನಗೆ ಅನಿಸುತ್ತಿತ್ತು. ಹುಡುಗಿ ನನಗೆ "ರಿ" ಹಚ್ಚಿ ಮಾತಾಡುವಳು: "ಬರ್ರಿ ದೊಡ್ಡ ಮಾಮಾ, ಕುಂದರ್ರಿ." ಅವನಿಗೆ ಮಾತ್ರ "ಎಲ್ಲಿಗೆ ಹೋಗಿದ್ದಿ ಸಣ್ಣ ಮಾಮಾ?" ನನ್ನ ಕುರ್ಚಿಗೆ ಸಂದ ಮರ್ಯಾದೆ ಅದೆಂದು ನಾನು ಎದೆ ಉಬ್ಬಿಸಿಕೊಂಡಿದ್ದೆ.

ಆಮೇಲೆ ತಮ್ಮ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಮಸ್ಕತ್ತಿಗೆ ಹೋದ. ಹೆಂಡತಿ ಮಕ್ಕಳು ಇಲ್ಲಿಯೇ ಉಳಿದರು. ಮಸ್ಕತ್ತು ಎಷ್ಟು ದೂರ ಎಂದು ಅಕ್ಕ ಕೇಳಿದಾಗ ನಾನು ಸುಮ್ಮನಿರಲಾರದೆ ಹೋದೆ. ಸಾಲಿಯವರು ಬಿಸಾಕಿದ್ದ ಜಗತ್ತಿನ ನಕಾಶೆಯೊಂದು ನನ್ನ ಕೋಣೆಯ ಗೋಡೆಯ ಮೇಲಿತ್ತು. ಅಂಗಿಯ ಗುಂಡಿ ಹಚ್ಚುವ ದಾರ ತಂದು, ಮುಂಬಯಿ ಮೇಲೆ ಒಂದು ತುದಿ, ಮಸ್ಕತ್ತಿನ ಮೇಲೆ ಇನ್ನೊಂದು ತುದಿ ಹಿಡಿದು, ಕೆಳಗೆ ಕೊಟ್ಟಿದ್ದ ಅಳತೆಗೆ ಹೋಲಿಸಿದೆ. ಸಾವಿರದೈನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ ಬಂತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಕ್ಕೆ ಜೀವನದಲ್ಲಿ ಆದ ಉಪಯೋಗ ಅದೊಂದೇ. ಅಂದಿನಿಂದ ಗಲ್ಫಿಗೆ ಹೋದ ಮಕ್ಕಳ ತಾಯಂದಿರು ಬಸ್ಸು ಕೇಳುವುದನ್ನು ಬಿಟ್ಟು ವಿಮಾನ ಕೇಳತೊಡಗಿದರು. ದಾರ ಗೋಡೆಯ ಮೊಳೆಗೆ ಸದಾ ನೇತಾಡುತ್ತಿತ್ತು, ವೈದ್ಯರ ಕೊರಳ ಸ್ಟೆತಸ್ಕೋಪಿನ ಹಾಗೆ.

ಕೊಪ್ಪಳ ಜಿಲ್ಲೆಯಾದ ಮರುವರ್ಷ ಅಕ್ಕನ ಮಗಳ ಮದುವೆ ಗೊತ್ತಾಯಿತು. ಬೀಗರು ಸಿದ್ದಾಪುರದವರು. ಕಾಲುವೆ ನೀರಿನ ಭತ್ತದ ಜನ, ನಮ್ಮ ಎರೆಹೊಲದ ಜೋಳದವರನ್ನು ಸ್ವಲ್ಪ ಕನಿಕರದಿಂದಲೇ ನೋಡುವವರು. ನಮ್ಮಲ್ಲಿ ಅಕ್ಕಿಕಾಳಿನ, ಅಂದರೆ ಅಕ್ಷತೆಯ, ಹೊತ್ತಿಗೆ ಮದುಮಗಳನ್ನು ಹಂದರಕ್ಕೆ ಕರೆತರುವವನು ಸೋದರಮಾವ. ಅವಳು ಉಡುವುದೂ ಅವನು ತಂದ ಸೀರೆಯನ್ನೇ. ಇಬ್ಬರು ಸೋದರಮಾವಂದಿರಿದ್ದರೆ ಹಿರಿಯವನದು ಹಕ್ಕು ಎಂಬುದು ನನ್ನ ತಿಳಿವಳಿಕೆ. ಹುಡುಗಿಯ ತಿಳಿವಳಿಕೆ ಬೇರೆ ಇತ್ತು.

"ಸಣ್ಣ ಮಾಮಾನ ಕರಕೊಂಡು ಬರಬೇಕವ್ವಾ. ಅಂವಾ ಬರದಿದ್ರ ನಾ ಹಂದರಕ್ಕ ಬರಂಗಿಲ್ಲ ನೋಡು."

ಅಕ್ಕ ನನ್ನ ಕಡೆ ತಿರುಗಿ, "ನೀ ಹಿರ್ಯಾ ಅದಿ. ನೀ ನಿಂತು ನೋಡಿದ್ರ ಸಾಕು" ಎಂದಳು. ನಿಂತು ನೋಡುವುದರಲ್ಲಿ ನನಗೆ ಸರಕಾರಿ ಅನುಭವ ಇದ್ದದ್ದು ನಿಜ. ಆದರೂ ಅದು ಚುಚ್ಚಿತು.

ತಮ್ಮ ಬರುತ್ತೇನೆಂದು ಒಪ್ಪಿಕೊಂಡ. ಆದರೆ ಮದುವೆಯ ಹಿಂದಿನ ದಿನದಿಂದಷ್ಟೇ ಅವನಿಗೆ ರಜೆ. ಅಯ್ಯನವರು ಎರಡು ಮುಹೂರ್ತ ಹೇಳಿದ್ದರು, ಒಂದು ಬೆಳಿಗ್ಗೆ, ಇನ್ನೊಂದು ದನ ಮನೆಗೆ ಬರುವ ಹೊತ್ತಿಗೆ. ಬೀಗರ ಕಡೆಯ ಯಜಮಾನರು ಬೆಳಗಿನದಕ್ಕೇ ಮನಸ್ಸು ಮಾಡಿದ್ದರು. ಮದುವೆ ಮಾತುಕತೆಯ ದಿನ ಅವರು ಜಮಖಾನದ ಮೇಲೆ ಕೂತು ನನ್ನನ್ನೇ ವಿಚಾರಿಸಿದರು.

"ಅಲ್ರಿ ಕಂಟ್ರೋಲರ್ರ, ಆ ಇಮಾನ ಎಷ್ಟೊತ್ತು ತಗೊಂತೈತಿ?"

ತಮ್ಮ ಫೋನಿನಲ್ಲಿ ಹೋಗಿ ಬರುವ ಸಮಯ ಹೇಳಿದ್ದ. ನಾನು ಅದನ್ನೇ ಒಪ್ಪಿಸಿದೆ. "ಹೋಗುವಾಗ ಒಂದೂವರಿ ತಾಸಿನ ಹತ್ರ ಹತ್ರ ಆಗ್ತೈತಿ. ಬರುವಾಗ ನಾಕು ತಾಸ ಮಿಕ್ಕಿ ಹಿಡೀತೈತಿ."

"ಒಂದ ದಾರಿ, ಒಂದ ಇಮಾನ. ಹಂಗ್ಯಾಕ್ರಿ?"

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಓಡುತ್ತದೆ, ಗಡಿಯಾರ ಬಿಟ್ಟು ಲೆಕ್ಕ ಹಾಕಿದರೆ ಹೋಗಲೂ ಬರಲೂ ಮೂರು ತಾಸಿನೊಳಗೇ ಸಾಕು. ಇದು ನನಗೆ ಗೊತ್ತಿತ್ತು, ತಮ್ಮನೇ ಹೇಳಿದ್ದ. ಬಿಡಿಸಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರೇ ಉತ್ತರ ಕಂಡುಕೊಂಡರು.

"ಬರುವಾಗ ಏರು ಇರಬೇಕಲ್ರಿ?"

"ಹೌದ್ರಿ," ಎಂದೆ. "ಏರು."

"ನಾ ಅಂದ್ಕೊಂಡಿದ್ದೆ ಬಿಡ್ರಿ. ನಮ್ಮ ಗಂಗಾವತಿ ಗಾಡಿನೂ ಗುಡ್ಡ ಹತ್ತುವಾಗ ಹಂಗ ಮಾಡ್ತೈತಿ. ಮತ್ತ ನಡುವ ಎಲ್ಲ್ಯರ ನಿಲ್ತೈತೇನು?"

"ಡ್ರೈವರ್ ಊಟಕ್ಕ ನಿಲ್ಲಸ್ತಾನ್ರಿ. ನಡುಗಡ್ಡಿ ಮ್ಯಾಲ ಖಾನಾವಳಿ ಐತಿ."

ಇಡೀ ಜಮಖಾನ ತಲೆದೂಗಿತು. ಒಬ್ಬರಾದರೂ ನಗುತ್ತಾರೆಂದು ಕಾದೆ, ಯಾರೂ ನಗಲಿಲ್ಲ. ಸುಳ್ಳು ಹೇಳುವವನಿಗೆ ಅದಕ್ಕಿಂತ ದೊಡ್ಡ ಕಷ್ಟವಿಲ್ಲ. ಕೊನೆಗೆ ಯಜಮಾನರು ಒಂದು ಮಾತಿಗೆ ಬಂದರು. "ನೋಡ್ರಿ, ಆತ ಬರ್ತಾನ ಅಂತ ನೀವು ಖಾತ್ರಿ ಹೇಳಿದ್ರ ಸಂಜೀತನಕ ಕಾಯ್ತೀವಿ. ಇಲ್ಲಂದ್ರ ಮುಂಜಾನಿ ಅಕ್ಕಿಕಾಳ ಹಾಕಿ ಹೊಂಟಬಿಡ್ತೀವಿ. ಗದ್ದಿಗೆ ನೀರ ಬಿಟ್ಟು ಬಂದಿರ್ತೀವ್ರಿ."

ಹೀಗೆ ಸಾವಿರದೈನೂರು ಕಿಲೋಮೀಟರು ಸಮುದ್ರವೂ, ಒಬ್ಬ ಹುಡುಗಿಯ ಆಸೆಯೂ ನನ್ನ ಒಂದು ಮಾತಿನ ಮೇಲೆ ಬಂದು ನಿಂತವು.

ಮದುವೆಯ ಹಿಂದಿನ ದಿನ ಸಂಜೆ ನಾನು ಕಿಟಕಿಯಲ್ಲಿದ್ದೆ. ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನವನು ರಸ್ತೆ ದಾಟಿ ಬಂದ.

"ಸಾಹೇಬ್ರ, ನಿಮ್ಮ ತಮ್ಮ ಮುಂಬಯಿಂದ ಫೋನ್ ಮಾಡಿದ್ರು. ಇಮಾನ ಇಳದೈತಂತ. ಸೊಲ್ಲಾಪುರ ಗಾಡಿ ಹಿಡದು ಕುಷ್ಟಗಿಗೆ ಬಂದು, ನಾಳೆ ಹೊತ್ತ ಹೊರಳೂದ್ರಾಗ ಮನಿಗೆ ಬರ್ತಾರಂತ. ಸಂಜೀ ಮುಹೂರ್ತ ಹಿಡೀರಿ ಅಂತ ಹೇಳ್ಯಾರ."

"ಛಲೋ ಆತು," ಎಂದೆ. ಅವನು ಹೋದ.

ನನ್ನ ಜೀವನದಲ್ಲಿ ಖಚಿತವಾಗಿ ಗೊತ್ತಿದ್ದ ಆಗಮನ ಅದೊಂದೇ. ಅದನ್ನೇ ನಾನು ಯಾರಿಗೂ ಹೇಳಲಿಲ್ಲ. ಮನೆಗೆ ಹೋದರೆ ಅಕ್ಕ ಒಲೆಯ ಮುಂದಿನಿಂದ ಎದ್ದು, "ಏನರ ಸುದ್ದಿ ಬಂತೇನೋ?" ಎಂದಳು. ಅರಿಷಿಣ ಹಚ್ಚಿಸಿಕೊಂಡು ಕೂತಿದ್ದ ಹುಡುಗಿ ಮುಖ ಎತ್ತಿದಳು. ನಾನು "ಇನ್ನೂ ಇಲ್ಲ" ಎಂದೆ. ನಾಲಿಗೆ ತೊದಲಲಿಲ್ಲ. ಇಷ್ಟು ವರ್ಷ ಅಭ್ಯಾಸ ಮಾಡಿಸಿದ್ದು ಸುಮ್ಮನೆ ಹೋಗುತ್ತದೆಯೇ?

ಬೆಳಿಗ್ಗೆ ಬೀಗರ ಟೆಂಪೋಗಳು ಬಂದವು. ಯಜಮಾನರು ಇಳಿದವರೇ ನನ್ನ ಹತ್ತಿರ ಬಂದರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲಿ ನಿಂತಳು.

"ಏನ್ರಿ ಕಂಟ್ರೋಲರ್ರ, ಇಮಾನ ಎಲ್ಲಿ ಬಂತು?"

"ಇನ್ನೂ ಅಲ್ಲೇ ಬಿಟ್ಟಿಲ್ರಿ," ಎಂದೆ. "ಬಿಟ್ರೂ ಏರು ಹತ್ತಿ, ಊಟಕ್ಕ ನಿಂತು ಬರೂದ್ರಾಗ ನಾಳಿ ಆಕೈತಿ."

ವರ್ಷಾನುಗಟ್ಟಲೆ ಬಿಡದ ಬಸ್ಸನ್ನು ಬಿಟ್ಟಿದೆ ಎಂದವನು ನಾನು. ಅವತ್ತು ಇಳಿದ ವಿಮಾನವನ್ನು ಇನ್ನೂ ಬಿಟ್ಟೇ ಇಲ್ಲ ಎಂದೆ. ಬಸ್ಸಿನ ಸುಳ್ಳಿಗೆ ಬೈಗುಳ ಸಿಗುತ್ತಿತ್ತು, ಇದಕ್ಕೆ ಸಿಕ್ಕದ್ದು ಗೌರವ. "ನೀವು ಇದ್ದಿದ್ದಕ್ಕ ತಿಳೀತ್ರಿ, ಇಲ್ಲಂದ್ರ ಸುಮ್ಮನ ಸಂಜೀತನಕ ಕುಂತಬಿಡ್ತಿದ್ವಿ" ಎಂದರು ಯಜಮಾನರು. ಅಕ್ಕ ಒಳಗೆ ಹೋದಳು.

ಹಂದರಕ್ಕೆ ಬರುವುದಿಲ್ಲ ಎಂದಿದ್ದ ಹುಡುಗಿ ಬಂದಳು. ಬರದೆ ಏನು ಮಾಡಿಯಾಳು? ನಾನು ತಂದಿದ್ದ ಇಳಕಲ್ ಸೀರೆ ಉಟ್ಟಿದ್ದಳು. ತರುವಾಗ ಯಾರಿಗೂ ಹೇಳಿರಲಿಲ್ಲ, "ಇರಲಿ ಅಂತ ತಂದಿದ್ದೆ" ಎಂದೆ. ಕೈ ಹಿಡಿದು ಕರೆತರುವಾಗ ನನಗೆ ಗೊತ್ತಾದದ್ದು, ಅವಳು ಪ್ರತಿ ಹೆಜ್ಜೆಗೂ ಊರಬಾಗಿಲ ಅಗಸಿಯ ಕಡೆ ನೋಡುತ್ತಿದ್ದಾಳೆಂದು. ಅಕ್ಕಿಕಾಳು ಬಿದ್ದವು. ನನ್ನ ತಲೆಯ ಮೇಲೂ ನಾಲ್ಕು ಬಿದ್ದವು. ಎಲ್ಲರೂ ಚೆನ್ನಾಗಿ ಕರೆತಂದೆ ಎಂದರು. ಹತ್ತು ಮಾರು ದೂರ ಒಬ್ಬಳನ್ನು ನಡೆಸಿ ತರುವುದರಲ್ಲಿ ಏನು ಚೆನ್ನಾಗಿ ಮಾಡುವುದಿರುತ್ತದೋ, ಅದನ್ನೆಲ್ಲ ನಾನು ಮಾಡಿದ್ದೆ.

ಕುಷ್ಟಗಿಯ ಬಸ್ಸು ಆ ದಿನ ಸಮಯಕ್ಕೆ ಸರಿಯಾಗಿ ಬಂತು. ನನ್ನ ಸೇವಾವಧಿಯಲ್ಲಿ ಇಂಥದ್ದು ಅಪರೂಪ. ಊಟದ ಪಂಕ್ತಿ ನಡೆದಿತ್ತು. ತಲೆ ತುಂಬ ಧೂಳು, ಕೈಯಲ್ಲಿ ಹಗ್ಗ ಕಟ್ಟಿದ ಪೆಟ್ಟಿಗೆ, ಕಂಕುಳಲ್ಲಿ ಸೀರೆಯ ಗಂಟು ಹಿಡಿದು ತಮ್ಮ ಹಂದರದ ಬಾಯಲ್ಲಿ ನಿಂತ. ಮೂರು ತಾಸಿನೊಳಗೆ ಸಮುದ್ರ ದಾಟಿ ಬಂದವನು ಮುಂಬಯಿಯಿಂದ ಯಲಬುರ್ಗಾ ಸೇರಲು ಒಂದು ರಾತ್ರಿ, ಅರ್ಧ ಹಗಲು ತೆಗೆದುಕೊಂಡಿದ್ದ. ಆದರೂ ಸಂಜೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಎಲೆಯ ಮುಂದೆ ಗಂಡನ ಪಕ್ಕ ಕೂತಿದ್ದ ಹುಡುಗಿ ಅವನನ್ನು ನೋಡಿದಳು.

"ಅಕ್ಕಿಕಾಳು ಬಿದ್ದಮ್ಯಾಲ ಯಾಕ ಬಂದಿ ಮಾಮಾ? ಉಣ್ಣಾಕ?"

ಅವನು ನನ್ನ ಕಡೆ ತಿರುಗಿದ. "ಅಣ್ಣಾ, ನಾ ಹೇಳಿ ಕಳಿಸಿದ್ನಲ್ಲ?"

"ಯಾರಿಗೆ ಹೇಳಿದ್ದೆಪಾ?" ಎಂದೆ.

ಊಟಕ್ಕೆ ಬಂದಿದ್ದ ಬೂತಿನವನು ಎದ್ದು ನಿಂತು, "ನಾ ಹೇಳೀನ್ರಿ ಸಾಹೇಬ್ರ, ನಿನ್ನೆ ಸಂಜೀಗೆ" ಎಂದ. ನಾನು ದೊಡ್ಡ ಮನಸ್ಸು ಮಾಡಿ ನಕ್ಕು, "ಗಾಡಿ ಗದ್ದಲದಾಗ ನನಗ ಕೇಳಿಸಿರಲಿಕ್ಕಿಲ್ಲ ಬಿಡು" ಎಂದೆ. ಅವನನ್ನೇ ಕ್ಷಮಿಸಿದವನಂತೆ. ಬೂತಿನವನು ಎಲೆ ಬಿಟ್ಟು ಹೋದ. ನಾನು ಶ್ಯಾವಿಗೆ ಪಾಯಸ ಎರಡನೇ ಸಲ ಹಾಕಿಸಿಕೊಂಡೆ.

ತಮ್ಮ ಸೀರೆಯ ಗಂಟನ್ನು ಅಕ್ಕನ ಕೈಗೆ ಕೊಟ್ಟ. ಹುಡುಗಿ ಅದನ್ನು ಉಡಲಿಲ್ಲ. ಗಂಡನ ಮನೆಗೆ ಹೋಗುವಾಗ ಅವನ ಕಾಲಿಗೆ ಬಿದ್ದಳು, ಮುಖ ನೋಡಲಿಲ್ಲ. ಅವಳ ಲೆಕ್ಕದಲ್ಲಿ ಬೂತಿನವನ ಮಾತು ತಡವಾಗಿ ಬಂದವನ ನೆವ, ಸಣ್ಣ ಮಾಮನಿಗೆ ಅವಳಿಗಿಂತ ಮಸ್ಕತ್ತು ದೊಡ್ಡದಾಗಿತ್ತು. ಮುಂದೆ ಬಾಣಂತನ, ಜವಳ, ಮನೆಯ ವಾಸ್ತು, ಏನಾದರೂ ಮೊದಲ ಕರೆ ನನಗೆ. ಅವನಿಗೆ ಯಾರದಾದರೂ ಬಾಯಲ್ಲಿ ಹೇಳಿ ಕಳಿಸುವಳು. ನನಗೆ ಪಾಪ ಅನಿಸುತ್ತಿತ್ತು. ಅನಿಸಿದಾಗಲೆಲ್ಲ ಹೋಗಿ ಉಂಡು ಬರುತ್ತಿದ್ದೆ.

ವರ್ಷಗಳು ಹೋದವು. ಅಕ್ಕ ತೀರಿಕೊಂಡಳು. ನಾನು ನಿವೃತ್ತನಾದೆ. ತಮ್ಮ ಮಸ್ಕತ್ತು ಬಿಟ್ಟು ಬಂದು ನಮ್ಮ ಓಣಿಯಲ್ಲೇ ಮನೆ ಕಟ್ಟಿಕೊಂಡ. ಮೊನ್ನೆ ಮೊನ್ನೆ, ಅಂದರೆ ರೋಗದ ಗದ್ದಲವೆಲ್ಲ ತಣ್ಣಗಾದ ಮೇಲೆ, ಅವನ ಮಗ ನಮ್ಮಿಬ್ಬರಿಗೂ ಕಾಶಿಗೆ ಟಿಕೆಟ್ಟು ಮಾಡಿಸಿದ. ಹೈದರಾಬಾದಿನಿಂದ ವಿಮಾನ. ಇಷ್ಟು ದಿನ ವಿಮಾನಗಳ ಬಗ್ಗೆ ತೀರ್ಪು ಕೊಟ್ಟವನು ಅವತ್ತೇ ಮೊದಲ ಸಲ ಅದರ ಒಳಗೆ ಕಾಲಿಟ್ಟೆ. ಬೆಲ್ಟು ಕಟ್ಟಿಕೊಳ್ಳಲು ಬರಲಿಲ್ಲ. ತಮ್ಮ ಬಗ್ಗಿ ಕಟ್ಟಿದ, ಮಗುವಿಗೆ ಕಟ್ಟಿದ ಹಾಗೆ.

ಹೈದರಾಬಾದಿನಿಂದ ಕಾಶಿಗೆ ಎರಡು ತಾಸು ಎಂದರು. ಎರಡು ತಾಸಿನಲ್ಲಿ ನಾವು ಯಲಬುರ್ಗಾದಿಂದ ಕೊಪ್ಪಳ ಮುಟ್ಟಿದರೆ ಪುಣ್ಯ. ಮೋಡದ ಮೇಲೆ ಬಂದ ಮೇಲೆ ಅಲುಗಾಟ ನಿಂತಿತು. ಏರೂ ಇಲ್ಲ, ಇಳಿಜಾರೂ ಇಲ್ಲ, ಬಿಸಿಲಿಗೆ ಹರವಿದ ಹತ್ತಿಯ ಹಾಗೆ ಕೆಳಗೆಲ್ಲ ಬೆಳ್ಳಗೆ. ತಮ್ಮ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಮುಖ ತಿರುಗಿಸದೆಯೇ ಕೇಳಿದ:

"ಅಣ್ಣಾ, ಡ್ರೈವರ್ ಊಟಕ್ಕ ಎಲ್ಲಿ ನಿಲ್ಲಸ್ತಾನ?"

ನನಗೆ ಬೆಲ್ಟು ಬಿಗಿಯಾಯಿತು.

"ಯಾವಾಗ ಗೊತ್ತಾತು?" ಎಂದೆ.

"ಮದಿವಿ ಮರುದಿನಾನ. ಬೂತಿನಾಂವ ಬಂದು ಅತ್ತ. ಬೀಗರು ಹೋಗುವಾಗ ಖಾನಾವಳಿ ಎಷ್ಟ ದೊಡ್ಡದೈತಿ ಅಂತ ನನ್ನ ಕೇಳಿದ್ರು."

"ಮತ್ತ ಯಾಕ ಸುಮ್ಮನಿದ್ದಿ? ಹುಡುಗಿ ನಿನ್ನ ಮುಖ ನೋಡಲಾರದಂಗ ಆತಲ್ಲೋ."

"ಅಕ್ಕ ಇರೂತನಕ ಬ್ಯಾಡ ಅನಿಸ್ತು. ನಮ್ಮಿಬ್ಬರೊಳಗ ಯಾರಿಗೆ ಬೈತಿದ್ಲು ಆಕಿ? ಆಮ್ಯಾಲ ರೂಢಿ ಆತು." ಈಗ ನನ್ನ ಕಡೆ ತಿರುಗಿ ಹೇಳಿದ: "ನೀನ ಹೇಳ್ತಿ ಅಂದ್ಕೊಂಡಿದ್ದೆ. ಇವತ್ತ ಹೇಳ್ತಾನ, ನಾಳಿ ಹೇಳ್ತಾನ ಅಂತ. ನಿನ್ನ ಗಾಡಿ ಕುಕನೂರ ಬಿಡಲೇ ಇಲ್ಲ ನೋಡು."

ಗಂಗೆಯಲ್ಲಿ ಮುಳುಗಿದರೆ ಪಾಪ ಹೋಗುತ್ತದಂತೆ. ನಾನು ಮುಳುಗಿದೆ, ಮೂಗಿಗೆ ನೀರು ಹೋಯಿತು. ಹೇಳಬೇಕಾದವಳು ಸಿದ್ದಾಪುರದಲ್ಲಿರುವಾಗ ಕಾಶಿಯ ನೀರು ಏನು ಮಾಡೀತು? ಊರಿಗೆ ಬಂದವನು ನಾಳೆ ಹೋಗುತ್ತೇನೆ ಎಂದುಕೊಂಡೆ. ಆಮೇಲೆ ಮೊಣಕಾಲು ನೋವು ಎಂದುಕೊಂಡೆ. ಆಮೇಲೆ ಅಮಾವಾಸ್ಯೆ ಬಂತು.

ಕೊನೆಗೆ ಅವಳೇ ಬಂದಳು, ಮಗಳ ಮದುವೆಯ ಲಗ್ನಪತ್ರಿಕೆ ಹಿಡಿದು. ಅವಳ ಕೂದಲೂ ಕಿವಿಯ ಹತ್ತಿರ ನರೆತಿತ್ತು.

"ದೊಡ್ಡ ಮಾಮಾ, ನನಗ ಒಡಹುಟ್ಟಿದವರಿಲ್ಲ. ನನ್ನ ಮಗಳಿಗೆ ಸೋದರಮಾವ ಅಂತ ಯಾರನ್ನ ತರಲಿ? ನನ್ನ ಕರಕೊಂಡು ಬಂದವರು ನೀವು. ಆಕಿನ್ನೂ ನೀವ ಕರಕೊಂಡು ಬರ್ರಿ."

ನೋಡಿ, ದೇವರು ಎಷ್ಟು ಉದಾರಿ. ಕದ್ದ ಮಾಲನ್ನೇ ಮತ್ತೊಮ್ಮೆ ತಟ್ಟೆಯಲ್ಲಿಟ್ಟು ಕೊಡುತ್ತಾನೆ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ತಮ್ಮ ಇನ್ನೂ ಸುಮ್ಮನೇ ಇರುತ್ತಿದ್ದ, ಅದೂ ನನಗೆ ಗೊತ್ತಿತ್ತು. ಹೂಂ ಎನ್ನಲು ನಾಲಿಗೆ ಎದ್ದೂ ನಿಂತಿತ್ತು.

"ನಿನ್ನ ಮದಿವಿ ದಿನ," ಎಂದೆ, "ಇಮಾನ ಹಿಂದಿನ ದಿನಾನ ಇಳದಿತ್ತವ್ವಾ. ನನಗ ಗೊತ್ತಿತ್ತು."

ಉಳಿದದ್ದನ್ನೂ ಹೇಳಿದೆ. ಬೂತಿನವನು ಬಂದದ್ದು, ಏರು, ಖಾನಾವಳಿ, ಮೊದಲೇ ತಂದಿಟ್ಟಿದ್ದ ಸೀರೆ. ಅವಳು ಲಗ್ನಪತ್ರಿಕೆಯ ಮೂಲೆಯ ಅರಿಷಿಣವನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು. ನಾನು ಅಳು ಬರಬಹುದೆಂದು ಕಾದೆ, ಅವಳಿಗೋ ನನಗೋ. ಬರಲಿಲ್ಲ.

"ನೀ ಭಾಳ ಕೆಟ್ಟಾಂವ ಅದಿ ಮಾಮಾ," ಎಂದಳು.

ಹುಟ್ಟಿದಾಗಿನಿಂದ ಅವಳು ನನಗೆ "ನೀ" ಅಂದದ್ದು ಅದೇ ಮೊದಲು. ಬೈಗುಳದ ಜೊತೆಗಾದರೂ ಬಂತಲ್ಲ ಎಂದುಕೊಂಡೆ. ಪತ್ರಿಕೆಯನ್ನು ನನ್ನ ಮುಂದೆ ಇಡದೆ ಕೈಯಲ್ಲೇ ಹಿಡಿದು ಎದ್ದಳು. ಓಣಿಯಲ್ಲಿ ಅವಳು ತಮ್ಮನ ಮನೆಯ ಕಡೆ ಹೋದದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ನಡುವೆ ನಾಲ್ಕೇ ಮನೆ. ಅಷ್ಟು ದೂರ ಹೋಗಲು ಅವಳಿಗೆ ಇಷ್ಟು ವರ್ಷ ಹಿಡಿಯುವಂತೆ ಮಾಡಿದವನು ನಾನು. ಒಳಗೆ ಅವರು ಏನು ಮಾತಾಡಿದರೋ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಿಸಿಲು ಇಳಿಯುವವರೆಗೆ ಅವಳು ಹೊರಗೆ ಬರಲಿಲ್ಲ. ಆಮೇಲೆ ತಮ್ಮನ ಮೊಮ್ಮಗಳು ಬಂದು ಪತ್ರಿಕೆ ಕೊಟ್ಟು ಹೋದಳು. ನನ್ನ ಕರೆ ಈಗ ಬೇರೆಯವರ ಕೈಯಲ್ಲಿ ಬಂತು. ಸರಿಯಾಗಿಯೇ ಇತ್ತು.

ಮದುವೆ ಸಿದ್ದಾಪುರದಲ್ಲಿ. ಮದುಮಗಳನ್ನು ತಮ್ಮ ಕರೆತಂದ. ಕಾಲು ಸ್ವಲ್ಪ ಎಳೆಯುತ್ತಿದ್ದ, ಆದರೂ ಹತ್ತು ಮಾರನ್ನು ಅವಸರ ಮಾಡದೆ ನಡೆದ. ಅಕ್ಕನ ಮಗಳು ಹಿಂದೆಯೇ ಬಂದಳು. ಅಂದು ಅವನು ತಂದಿದ್ದ ಸೀರೆಯನ್ನು ಅವಳು ಇಂದಾದರೂ ಉಟ್ಟಿರುತ್ತಾಳೆಂದು ನೀವು ಕಾದಿದ್ದರೆ ಕಾಯಬೇಡಿ, ಅದು ಎಂದೋ ಕೌದಿಯಾಗಿ ಹೋಗಿದೆ.

ಅದಕ್ಕೂ ಮೊದಲು, ಬೆಳಿಗ್ಗೆ, ನನ್ನನ್ನು ಹಂದರದ ಬಾಗಿಲ ಕುರ್ಚಿಯ ಮೇಲೆ ಕೂರಿಸಿದ್ದರು. ವರನ ದಿಬ್ಬಣ ನವಲಿಯಿಂದ ಬರಬೇಕಿತ್ತು, ತಡವಾಗಿತ್ತು. ಬಾಜಾದವರು ಬಾಜಾ ಇಳಿಸಿ ಬೀಡಿ ಹಚ್ಚಿದ್ದರು. ಆರತಿ ತಟ್ಟೆ ಹಿಡಿದ ನಮ್ಮೂರ ಹೆಣ್ಣುಮಕ್ಕಳು ಗೋಡೆಗೆ ಒರಗಿದ್ದರು. ಅವರಲ್ಲಿ ಒಬ್ಬಳು ನನ್ನನ್ನು ಕೇಳಿದಳು:

"ಕಂಟ್ರೋಲರ್ ಅಜ್ಜಾ, ಬೀಗರ ಗಾಡಿ ಎಲ್ಲಿ ಬಂತ್ರಿ?"

"ಗೊತ್ತಿಲ್ಲವ್ವಾ," ಎಂದೆ.

ಬಾಯಿಂದ ಆ ಮಾತು ಬಂದದ್ದು ನನಗೇ ಹೊಸದಾಗಿತ್ತು. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಂಟ್ರೋಲರ್ ಅಜ್ಜ ಬಿಟ್ಟೈತಿ ಅನ್ನಲಿಲ್ಲ ಅಂದ್ರ," ಎಂದಳು ಇನ್ನೊಬ್ಬಳು, "ಇಲ್ಲೇ ಅಗಸಿ ಹಂತ್ಯಾಕ ಬಂದಿರಬೇಕು ನೋಡವ್ವಾ. ಏಳ್ರಿ, ಏಳ್ರಿ!"

ಎಲ್ಲರೂ ಗಡಬಡಿಸಿ ಎದ್ದು, ಆರತಿ ಹಚ್ಚಿಕೊಂಡು ಸಾಲಾಗಿ ನಿಂತರು. ಬಾಜಾದವರು ಬೀಡಿ ಆರಿಸಿ ಊದತೊಡಗಿದರು. ರಸ್ತೆ ಖಾಲಿ ಇತ್ತು.